ಚಮಚೆಯಲ್ಲಿ ಕಂಡ ರೋಗ

ಹಿಟ್ಟು ಜರಡಿ ಹಿಡಿಯುವುದನ್ನು ನೋಡದವರಿಲ್ಲ. ನುಣುಪಾದ ಹಿಟ್ಟು ಕೆಳಗೆ ಬೀಳುತ್ತದೆ. ತೌಡು ಮೇಲೆ ಉಳಿಯುತ್ತದೆ. ಜರಡಿ ಒಂದು ಕಡೆ ಹರಿದರೆ ಸಾಕು, ಉಳಿಯಬೇಕಾದುದೂ ಜಾರಿಹೋಗುತ್ತದೆ. ಅದು ಕಣ್ಣಿಗೆ ಕಾಣುವ ಹರಕು. ಆದರೆ ಮನುಷ್ಯನ ದೇಹದೊಳಗಿನ ಜರಡಿ ಹರಿದರೆ ಯಾರಿಗೆ ತಿಳಿಯಬೇಕು? ಅಲ್ಲಿ ನೋವೂ ಇಲ್ಲ, ಸದ್ದೂ ಇಲ್ಲ.

ಆ ಜರಡಿಗಳಿರುವುದು ಮೂತ್ರಪಿಂಡಗಳಲ್ಲಿ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಶೋಧಕಗಳಿವೆ. ಪ್ರತಿಯೊಂದೂ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳ ಪುಟ್ಟ ಉಂಡೆ. ಇಟಲಿಯ ವಿಜ್ಞಾನಿ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು 1666ರಲ್ಲಿ ವರ್ಣಿಸಿದನು. ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ಇಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಪಾಲು ರಕ್ತಕ್ಕೇ ಹಿಂದಿರುಗಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗುತ್ತದೆ. ರಕ್ತಕಣಗಳಾಗಲಿ ಪ್ರೋಟೀನುಗಳಾಗಲಿ ಈ ಜರಡಿಯನ್ನು ದಾಟಿ ಹೋಗಬಾರದು.

19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಮೈಯೆಲ್ಲ ಊದಿಕೊಂಡ ರೋಗಿಗಳು ಬರುತ್ತಿದ್ದರು. ಅಲ್ಲಿನ ವೈದ್ಯನಾದ ರಿಚರ್ಡ್ ಬ್ರೈಟ್ ಅಂತಹ ರೋಗಿಯ ಮೂತ್ರವನ್ನು ಚಮಚೆಯಲ್ಲಿ ತೆಗೆದುಕೊಂಡು ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿಯುತ್ತಿದ್ದನು. ಕಾದೊಡನೆ ಅದು ಬೆಂದ ಮೊಟ್ಟೆಯ ಬಿಳಿಯ ಭಾಗದಂತೆ ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿತ್ತು! ಆ ರೋಗಿಗಳು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಅವರ ಮೂತ್ರಪಿಂಡಗಳು ಕೆಟ್ಟಿರುವುದು ಕಂಡುಬಂದಿತು. ಊತ, ಸೋರುವ ಪ್ರೋಟೀನು, ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಆತನು 1827ರಲ್ಲಿ ಪ್ರಕಟಿಸಿದನು. ರೋಗವನ್ನು ಗುರುತಿಸಬಲ್ಲವನಾಗಿದ್ದರೂ ಅದನ್ನು ಗುಣಪಡಿಸುವ ಔಷಧ ಆತನ ಕೈಯಲ್ಲಿರಲಿಲ್ಲ.

ಈ ಶೋಧಕಗಳು ಕೆಡುವ ಬಗೆಗಳು ಹಲವು. ಮಕ್ಕಳ ಗಂಟಲಿಗೋ ಚರ್ಮಕ್ಕೋ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿ, ಕೆಲವು ವಾರಗಳ ಬಳಿಕ ಕೆಲವರಲ್ಲಿ ಮೂತ್ರವು ಚಹಾದ ಬಣ್ಣಕ್ಕೆ ತಿರುಗುವುದುಂಟು. ರೋಗಾಣುವಿನೊಡನೆ ಹೋರಾಡಲೆಂದು ದೇಹವು ಸಿದ್ಧಪಡಿಸಿದ ಪ್ರತಿಕಾಯಗಳೇ ಶೋಧಕಗಳಲ್ಲಿ ಸಿಕ್ಕಿಕೊಂಡು ಉರಿಯೂತವನ್ನು ಉಂಟುಮಾಡುತ್ತವೆ. ಕಾವಲುಗಾರನ ಕತ್ತಿಯೇ ಮನೆಯ ಬಾಗಿಲನ್ನು ಕಡಿದಂತೆ! ರಕ್ತಕಣಗಳು ಮೂತ್ರಕ್ಕೆ ಇಳಿಯುತ್ತವೆ. ರಕ್ತದ ಒತ್ತಡ ಏರುತ್ತದೆ. ಆದರೂ ಇಂತಹ ಮಕ್ಕಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಬಗೆಯಲ್ಲಿ ಉರಿಯೂತವು ಕಾಣದಿದ್ದರೂ ಪ್ರೋಟೀನು ಧಾರಾಳವಾಗಿ ಸೋರಿಹೋಗುತ್ತದೆ. ಆಗ ರಕ್ತನಾಳಗಳಲ್ಲಿ ನೀರನ್ನು ಹಿಡಿದಿಡುವ ಶಕ್ತಿ ಕುಂದಿ, ನೀರು ಅಂಗಾಂಶಗಳಲ್ಲಿ ತುಂಬಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತ ಕಾಣುತ್ತದೆ. ನಿದ್ದೆ ಹೆಚ್ಚಾಯಿತೆಂದು ಮನೆಯವರು ಸುಮ್ಮನಾದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಬ್ರೈಟನಿಗೆ ದೊರೆಯದ ಔಷಧ ಇಂದು ಅನೇಕ ರೋಗಿಗಳಿಗೆ ದೊರೆಯುತ್ತದೆ. ಪ್ರೋಟೀನು ಸೋರುವ ರೋಗಕ್ಕೆ ತುತ್ತಾದ ಮಕ್ಕಳಲ್ಲಿ ಬಹುಮಂದಿಯ ಊತವು ಸ್ಟೀರಾಯ್ಡ್ ಔಷಧದಿಂದ ಇಳಿಯುತ್ತದೆ. ಆತನ ಚಮಚೆ ಮಾಡಿದ ಕೆಲಸವನ್ನು ಈಗ ಕಾಗದದ ಒಂದು ಪಟ್ಟಿ ಮಾಡುತ್ತದೆ. ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಗಿ ಪ್ರೋಟೀನಿನ ಸುಳಿವು ಕೊಡುತ್ತದೆ. ಆದರೆ ಹಾಳಾಗಿ ಗಾಯಕಟ್ಟಿದ ಶೋಧಕದ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತುವ ಕಾಲ ಬರಬಾರದು. ಮಾಯದೆ ಉಳಿಯುವ ಮೂತ್ರದ ನೊರೆ, ಬದಲಾದ ಅದರ ಬಣ್ಣ, ಊದಿದ ರೆಪ್ಪೆ ಇವೇ ಮಾತಿಲ್ಲದ ಮೂತ್ರಪಿಂಡಗಳ ಮಾತು. ಅದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ. ಹೇಳದೆ ಉಳಿದರೆ ಕೆಡುಕು.