ಕರೆಂಟ್ ಹೋದಾಗ ಕೇಳಿದ ಗಿಟಾರ್

ಶನಿವಾರ ಬೆಳಗ್ಗೆ ಯಲಹಂಕದಲ್ಲಿ ದೊಡ್ಡಬಳ್ಳಾಪುರದ ಬಸ್ ಹತ್ತಿ, ಕಿಟಕಿ ಪಕ್ಕ ಸೀಟು ಸಿಕ್ಕಿತು ಅಂದರೆ ನನ್ನ ವಾರಾಂತ್ಯ ಶುರು. ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೇ ಆಲ್ಬಂ ಕೇಳುತ್ತೇನೆ. ಕ್ಲಾಸಿಕಲ್ ಗಿಟಾರ್ ಕಛೇರಿ ಅದು. ಹಾಡಿಲ್ಲ, ಡ್ರಮ್ ಇಲ್ಲ. ಒಬ್ಬರೇ ಕೂತು ಆರು ತಂತಿ ಮೀಟುತ್ತಾ ಹದಿನಾರನೇ ಶತಮಾನದ ಸ್ಪೇನ್‌ನಿಂದ ಹೊರಟು ಇಪ್ಪತ್ತನೇ ಶತಮಾನದ ಕ್ಯೂಬಾ ತಲುಪುತ್ತಾರೆ. ಅಷ್ಟರಲ್ಲಿ ನಾನೂ ಊರು ತಲುಪಿರುತ್ತೇನೆ.

‘ಕ್ಲಾಸಿಕಲ್ ಗಿಟಾರಾ? ನಮಗೂ ಅದಕ್ಕೂ ಏನು ಸಂಬಂಧ?’ ಅನ್ನಬೇಡಿ. ಹಳೆಯ ನೋಕಿಯಾ ಫೋನಿನ ರಿಂಗ್‌ಟೋನ್ ನೆನಪಿದೆಯಲ್ವಾ? ಅದು ಸ್ಪೇನ್‌ನ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ಬರೆದ ‘ಗ್ರಾನ್ ವಾಲ್ಸ್’ ಅನ್ನೋ ಗಿಟಾರ್ ರಚನೆಯ ಒಂದು ತುಣುಕು. ಅಂದರೆ ನೀವೂ ಕೇಳಿದ್ದೀರಿ!

ನನ್ನ ಆಲ್ಬಂನ ಮೊದಲ ಟ್ರ್ಯಾಕ್ ಲೂಯಿಸ್ ದೆ ನಾರ್ವಾಯೆಸ್‌ನದು. ಗಿಟಾರಿನ ಹಳೇ ನೆಂಟ ವಿಹುಯೆಲಾ ಎಂಬ ವಾದ್ಯಕ್ಕಾಗಿ 1538ರಲ್ಲಿ ಅಚ್ಚಾದದ್ದು. ಒಂದು ಜನಪದ ಮಟ್ಟನ್ನೇ ತಿರುಗಿಸಿ ತಿರುಗಿಸಿ ಬೇರೆ ಬೇರೆ ರೀತಿ ನುಡಿಸುವುದು. ಅದರ ಹೆಸರಿನ ಅರ್ಥ ‘ನನ್ನ ಹಸು ನೋಡಿಕೋ’ ಅಂತ. ಗೊತ್ತಾದ ದಿನ ನಗು ಬಂತು. ನಮ್ಮ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ವರ್ಷಕ್ಕೊಮ್ಮೆ ದೊಡ್ಡ ದನಗಳ ಜಾತ್ರೆ ಸೇರುತ್ತದೆ. ಚಳಿಯಲ್ಲಿ ಎತ್ತಿನ ಪಕ್ಕವೇ ಕಂಬಳಿ ಹೊದ್ದು ಮಲಗಿದ ರೈತರನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಈ ಟ್ರ್ಯಾಕ್ ಬಂದಾಗಲೆಲ್ಲ ನನಗೆ ಅವರೇ ಕಾಣುತ್ತಾರೆ.

ಸಿಂಗನಾಯಕನಹಳ್ಳಿ ದಾಟಿ ರಾಜಾನುಕುಂಟೆ ಹತ್ತಿರ ಬಾಖ್. ಆಮೇಲೆ ಫರ್ನಾಂಡೊ ಸೋರ್, ಮೊಜಾರ್ಟ್‌ನ ಒಂದು ಮಟ್ಟನ್ನು ಹಿಡಿದು ಬರೆದದ್ದು. ಮಾರಸಂದ್ರದ ಸುಮಾರಿಗೆ ನನಗೆ ತುಂಬಾ ಇಷ್ಟವಾದ, ತಾರೆಗಾನ ‘ಅಲ್‌ಹಂಬ್ರಾದ ನೆನಪುಗಳು’. ಗಿಟಾರ್ ತಂತಿಯನ್ನು ಮೀಟಿದರೆ ನಾದ ಬೇಗ ಆರಿಹೋಗುತ್ತದೆ. ಅದಕ್ಕೇ ಇಲ್ಲಿ ಹೆಬ್ಬೆರಳು ಕೆಳಗಿನ ಸ್ವರ ನುಡಿಸುತ್ತಿದ್ದರೆ, ಉಳಿದ ಮೂರು ಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಸರಸರ ಮೀಟುತ್ತವೆ. ದೂರಕ್ಕೆ ಒಂದೇ ಉದ್ದನೆಯ ನಾದ ಕೇಳಿಸುತ್ತದೆ. ನಮ್ಮ ಸೀರೆ ಇದ್ದ ಹಾಗೆ. ಹತ್ತಿರದಿಂದ ಎಳೆ ಎಳೆ, ದೂರದಿಂದ ಬಟ್ಟೆ.

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು ಕಂಡಾಗ ಕ್ಯೂಬಾದ ಲಿಯೋ ಬ್ರೌವರ್. ಅಷ್ಟೊತ್ತಿಗೆ ನಾನು ಇಯರ್‌ಫೋನ್ ತೆಗೆದುಬಿಡುತ್ತೇನೆ. ಏಕೆಂದರೆ ನಮ್ಮ ಬೀದಿಗೆ ಕಾಲಿಟ್ಟ ಮೇಲೆ ಯಾವ ಗಿಟಾರೂ ಕೇಳಿಸುವುದಿಲ್ಲ.

ದೊಡ್ಡಬಳ್ಳಾಪುರ ನೇಕಾರರ ಊರು. ಮನೆ ಮನೆಯಲ್ಲೂ ಪವರ್‌ಲೂಮ್. ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆದುಕೊಳ್ಳುವ ಖಟಕ್ ಖಟಕ್ ಸದ್ದು ಗೋಡೆ, ನೆಲ, ಊಟದ ತಟ್ಟೆ ಎಲ್ಲದರಲ್ಲೂ ಇರುತ್ತದೆ. ನಾನು ಹೋಂವರ್ಕ್ ಮಾಡಿದ್ದು, ನಿದ್ದೆ ಮಾಡಿದ್ದು ಎಲ್ಲಾ ಆ ಸದ್ದಿನಲ್ಲೇ. ಅಪ್ಪ ಮೂವತ್ತು ವರ್ಷಕ್ಕೂ ಮೇಲೆ ಮಗ್ಗದ ಮುಂದೆ ನಿಂತವರು. ಈಗ ಅವರ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಕಿವಿ ಪರೀಕ್ಷೆ ಮಾಡಿದವರು, ‘ಇಷ್ಟು ವರ್ಷ ಸದ್ದಿನಲ್ಲಿದ್ದರೆ ಮೊದಲು ಹೋಗೋದು ಏರು ದನಿ, ತಗ್ಗು ದನಿ ಉಳಿದಿರುತ್ತೆ’ ಅಂದಿದ್ದರು.

ಒಂದು ಶನಿವಾರ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಇಡೀ ಬೀದಿ ಒಮ್ಮೆಲೇ ಸುಮ್ಮನಾಯಿತು. ಎಲ್ಲೋ ಕಾಗೆ ಕೂಗಿದ್ದು, ಪಕ್ಕದ ಮನೆಯ ಒಗ್ಗರಣೆ, ಎಲ್ಲಾ ಕೇಳಿಸಿತು. ‘ಅಬ್ಬಾ, ಎಷ್ಟು ಚೆನ್ನಾಗಿದೆ’ ಅಂದುಬಿಟ್ಟೆ. ಅಮ್ಮ ನನ್ನ ಮುಖ ನೋಡಿದರು. ಕೂಲಿ ಸೀರೆ ಲೆಕ್ಕದಲ್ಲಿ. ಮಗ್ಗ ನಿಂತಷ್ಟು ಹೊತ್ತು ಕೈಗೆ ಕಾಸಿಲ್ಲ. ನನ್ನ ನಿಶ್ಶಬ್ದದ ಖರ್ಚು ಅವರದ್ದು ಅಂತ ಆಗ ಹೊಳೆಯಿತು.

ಏನು ಮಾತಾಡಬೇಕೋ ತೋಚದೆ, ಜಗಲಿ ಮೇಲೆ ಕೂತಿದ್ದ ಅಪ್ಪನ ಕಿವಿಗೆ ಒಂದು ಇಯರ್‌ಫೋನ್ ಇಟ್ಟೆ.

‘ಏನಮ್ಮಾ ಇದು, ವೀಣೇನಾ?’

‘ಇಲ್ಲಪ್ಪ, ಗಿಟಾರು. ಕೇಳಿಸ್ತಿದೆಯಾ?’

‘ದಪ್ಪ ತಂತಿ ಚೆನ್ನಾಗಿ ಕೇಳಿಸ್ತದೆ. ಸಣ್ಣದು ಎಲ್ಲೋ ದೂರದಲ್ಲಿ ಐತೆ.’

ತಾರೆಗಾನ ಹೆಬ್ಬೆರಳು ಅವರಿಗೆ ಸಿಕ್ಕಿತ್ತು, ಉಳಿದ ಮೂರು ಬೆರಳು ಅರ್ಧಂಬರ್ಧ. ನಾನು ಓದಿಕೊಂಡಿದ್ದನ್ನು ಕೂಗಿ ಹೇಳಿದೆ. ಈಗ ಈ ತಂತಿಗಳು ನೈಲಾನು, ಅದು ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಸಣ್ಣ ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರು. ದಪ್ಪ ತಂತಿಯ ಒಳಗೆ ಮಾತ್ರ ರೇಷ್ಮೆ ಎಳೆ, ಅದರ ಮೇಲೆ ತೆಳು ಲೋಹದ ಸುತ್ತು.

ಅಪ್ಪ ನಕ್ಕರು. ‘ರೇಷ್ಮೆ ಮೇಲೆ ಬೆಳ್ಳಿ ಸುತ್ತಿದ್ರೆ ಅದು ಜರಿ ಅಲ್ವೇನಮ್ಮಾ? ಹಂಗಾದ್ರೆ ಅವರು ಬಾರಿಸ್ತಿದ್ದಿದ್ದು ನಮ್ಮ ಸೀರೆ ಅಂಚನ್ನೇ!’

ಇಷ್ಟು ವರ್ಷ ಕೇಳಿದ ನನಗೆ ಇದು ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಜರಿಯನ್ನು ಕೈಯಲ್ಲಿ ಹಿಡಿದು ಬದುಕಿರಬೇಕು.

ಅರ್ಧ ಆಲ್ಬಂ ಆಗುವಷ್ಟರಲ್ಲಿ ಎದುರು ಮನೆಯ ಮಗ್ಗ ಖಟಕ್ ಅಂದಿತು. ಕರೆಂಟ್ ಬಂದಿತ್ತು. ಅಪ್ಪ ಇಯರ್‌ಫೋನನ್ನು ನನ್ನ ಅಂಗೈಯಲ್ಲಿಟ್ಟು ಎದ್ದರು.

ನಮ್ಮ ಬೀದಿಯಲ್ಲಿ ಈಗೀಗ ಮೂರು ಮನೆಯವರು ಮಗ್ಗ ಮಾರಿದ್ದಾರೆ. ಅಲ್ಲಿ ಕರೆಂಟ್ ಇದ್ದರೂ ಸದ್ದಿಲ್ಲ. ಆ ಮನೆಗಳ ಮುಂದೆ ಹೋಗುವಾಗ ‘ಎಷ್ಟು ಚೆನ್ನಾಗಿದೆ’ ಅಂತ ನಾನು ಅನ್ನುವುದಿಲ್ಲ.

ಘಾಟಿಗೆ ಹೊರಟರೆ ದಾರಿಯಲ್ಲಿ ನಮ್ಮೂರಲ್ಲಿ ಇಳಿಯಿರಿ. ಒಂದು ನೇಕಾರರ ಬೀದಿಯಲ್ಲಿ ಹತ್ತು ನಿಮಿಷ ನಡೆಯಿರಿ. ಇಯರ್‌ಫೋನ್ ಜೇಬಿನಲ್ಲಿರಲಿ.

ಕಳೆದ ವಾರ ಬಸ್ಸಿನಿಂದಿಳಿದು ಮನೆಗೆ ಹೋದರೆ, ಮಗ್ಗದ ಸದ್ದಿನ ನಡುವೆ ಅಪ್ಪನೇ ಕೂಗಿ ಕೇಳಿದರು: ‘ಆ ಜರಿ ಪಾಟು ತಂದಿದ್ದೀಯಾ? ಮಧ್ಯಾಹ್ನ ಕರೆಂಟ್ ತೆಗೀತಾರಂತೆ!’