ತಾಮ್ರದ ರೇಡಿಯೇಟರ್‌ಗೆ ಯಾವ ಕೂಲೆಂಟ್?

ಎಂಬತ್ತರ ದಶಕದಲ್ಲಿ ಶಿರಾಡಿ ಘಾಟಿ ಹತ್ತಿದವರಿಗೆ ಆ ನೋಟ ನೆನಪಿರುತ್ತದೆ. ಗುಂಡ್ಯ ದಾಟಿದ ಮೇಲೆ ಪ್ರತಿ ನಾಲ್ಕನೇ ತಿರುವಿನಲ್ಲೂ ಬಾನೆಟ್ ಎತ್ತಿಕೊಂಡು ನಿಂತ ಒಂದು ಅಂಬಾಸಿಡರ್ ಅಥವಾ ಫಿಯೆಟ್. ಒದ್ದೆ ಗೋಣಿತಾಟನ್ನು ಕ್ಯಾಪಿನ ಮೇಲೆ ಹಾಕಿ ಕಾಯುತ್ತಿರುವ ಡ್ರೈವರು, ತೊರೆಯಿಂದ ಡಬ್ಬದಲ್ಲಿ ನೀರು ತರುತ್ತಿರುವ ಯಾರೋ ಒಬ್ಬರು. ಕೂಲೆಂಟ್ ಎಂಬುದನ್ನು ಆಗ ಯಾರೂ ಕೇಳುತ್ತಲೂ ಇರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ.

ಹಾಗೆ ಕುದಿದ ಕಾರುಗಳು ಸಕಲೇಶಪುರದ ಬಿ.ಎಂ. ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿಗೆ ಬರುತ್ತಿದ್ದವು. ಅಲ್ಲಿದ್ದವರನ್ನು ಊರೆಲ್ಲ ರೇಡಿಯೇಟರ್ ಭಾಯ್ ಎಂದೇ ಕರೆಯುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಭಾಯ್ ಮೊದಲು ಬ್ಲೋಲ್ಯಾಂಪ್ ಹಿಡಿದು ಬೆಸುಗೆ ಕರಗಿಸಿ ಹಿತ್ತಾಳೆಯ ಮೇಲಿನ ಟ್ಯಾಂಕನ್ನು ಬಿಡಿಸುತ್ತಿದ್ದರು. ಒಳಗಿನ ಸಣ್ಣ ಸಣ್ಣ ಕೊಳವೆಗಳ ಬಾಯಿ ಕಾಣುತ್ತಿತ್ತು. ಚಪ್ಪಟೆ ಉಕ್ಕಿನ ಪಟ್ಟಿಯನ್ನು ಒಂದೊಂದರಲ್ಲೂ ತೂರಿಸಿ ಮೇಲೆ ಕೆಳಗೆ ಎಳೆಯುವುದು. ಅದಕ್ಕೆ ರಾಡಿಂಗ್ ಎನ್ನುತ್ತಿದ್ದರು. ಕೊಳವೆಗಳಿಂದ ಬಿದ್ದದ್ದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, ಕಾರು ಯಾವ ಕಡೆಯದು ಎಂದು ಹೇಳಿಬಿಡುತ್ತಿದ್ದರು. ಬಿಳಿಯ ಗಟ್ಟಿ ಚಕ್ಕೆ ಬಿದ್ದರೆ ಬೋರ್‌ವೆಲ್ ನೀರು, ಕೋಲಾರವೋ ಚಿಕ್ಕಬಳ್ಳಾಪುರವೋ. ಕೆಂಪು ಕೆಸರು ಬಿದ್ದರೆ ಮಲೆನಾಡಿನ ಹೊಳೆನೀರು. ಸುಣ್ಣವಿಲ್ಲದ ಆ ನೀರು ಗಂಟು ಕಟ್ಟುವುದಿಲ್ಲ, ಆದರೆ ಬೀಡುಕಬ್ಬಿಣದ ಬ್ಲಾಕಿಗೆ ತುಕ್ಕು ಹಿಡಿಸುತ್ತದೆ. ಅಷ್ಟು ನಿಖರವಾಗಿ ಹೇಳುವವರನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಒತ್ತಡ ಹಿಡಿದಿಡುವ ಕ್ಯಾಪು ಸವೆದಿದ್ದರೆ ಘಾಟಿಯ ನೆತ್ತಿ ಮುಟ್ಟುವುದೇ ಕಷ್ಟ. ಬಹಳ ಮೆಕ್ಯಾನಿಕ್‌ಗಳು ಕ್ಯಾಪು ಬದಲಿಸದೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುತ್ತಿದ್ದರು. ಭಾಯ್‌ಗೆ ಅದು ಕೋಪ ತರಿಸುತ್ತಿತ್ತು. ‘ಇಂಜಿನ್ ಬಿಸಿಯಾಗ್ಲೇಬೇಕು ಸ್ವಾಮಿ, ತಣ್ಣಗೇ ಓಡಿದ್ರೆ ಆಯಿಲ್ ಕೆಸರಾಗುತ್ತೆ, ಪೆಟ್ರೋಲ್ ಕುಡಿಯುತ್ತೆ’ ಎನ್ನುತ್ತಿದ್ದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿಗೆ ಬರೀ ನೀರು ಆಗಿಬರುವುದಿಲ್ಲ. ಹಾಗೆ ನಿಧಾನವಾಗಿ ಹಸಿರು ಬಣ್ಣದ ಕೂಲೆಂಟ್ ನಮ್ಮ ಅಂಗಡಿಗಳ ಕಪಾಟಿಗೆ ಹತ್ತಿತು. ಆಮೇಲೆ ಕೆಂಪು, ಕಿತ್ತಳೆ, ನೀಲಿ, ಗುಲಾಬಿ. ತೊಂದರೆ ಶುರುವಾದದ್ದೂ ಆಗಲೇ. ಬಣ್ಣ ನೋಡಿ ಕೊಳ್ಳುವ ಅಭ್ಯಾಸ ಎಲ್ಲರಿಗೂ ಅಂಟಿತು. ಬಣ್ಣ ಕಂಪನಿಯವರು ಬೆರೆಸುವ ರಂಗು, ಅದಕ್ಕೆ ಯಾವ ನಿಯಮವೂ ಇಲ್ಲ. ಬಹುತೇಕ ಎಲ್ಲ ಬಾಟಲಿಯಲ್ಲೂ ಇರುವುದು ಎಥಿಲೀನ್ ಗ್ಲೈಕಾಲ್. ವ್ಯತ್ಯಾಸವಿರುವುದು ತುಕ್ಕು ತಡೆಯಲು ಸೇರಿಸಿದ ಲವಣಗಳಲ್ಲಿ. ಹಳೆಯ ಬಗೆಯಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥವು ಇರುತ್ತವೆ. ಅವು ಲೋಹದ ಮೇಲೆ ಬೇಗ ಪದರ ಕಟ್ಟುತ್ತವೆ, ಬೇಗ ತೀರಿಯೂ ಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಐದು ವರ್ಷ ಬಾಳುವ ಹೊಸ ಬಗೆಯಲ್ಲಿ ಸಾವಯವ ಆಮ್ಲಗಳ ಲವಣ ಇರುತ್ತದೆ. ಅದನ್ನು ಅಲ್ಯೂಮಿನಿಯಂ ಇಂಜಿನ್ನು, ಅಲ್ಯೂಮಿನಿಯಂ ರೇಡಿಯೇಟರುಗಳನ್ನು ಗಮನದಲ್ಲಿಟ್ಟು ಮಾಡಿದ್ದು. ತಾಮ್ರ, ಹಿತ್ತಾಳೆ, ಸೀಸದ ಬೆಸುಗೆ ಇರುವ ಅಂಬಾಸಿಡರಿಗೆ, ಪದ್ಮಿನಿಗೆ ನನ್ನ ಆಯ್ಕೆ ಈಗಲೂ ಹಳೆಯ ಬಗೆಯದೇ. ದುಬಾರಿ ಎಂದ ಮಾತ್ರಕ್ಕೆ ಹೊಸದು ಇವುಗಳಿಗೆ ಒಳ್ಳೆಯದಾಗುವುದಿಲ್ಲ.

ಒಮ್ಮೆ ಒಂದು ಪದ್ಮಿನಿ ಶೆಡ್ಡಿಗೆ ಬಂತು. ಎಲ್ಲೋ ಹಸಿರಿನ ಮೇಲೆ ಕೆಂಪನ್ನು ಸುರಿದಿದ್ದರು. ಕ್ಯಾಪು ತೆಗೆದರೆ ಒಳಗೆಲ್ಲ ರಾಗಿ ಅಂಬಲಿಯಂಥ ಕಂದು ಲೋಳೆ. ಅರ್ಧದಷ್ಟು ಕೊಳವೆಗಳು ಮುಚ್ಚಿದ್ದವು. ಭಾಯ್ ಪೂರ್ತಿ ಬಿಚ್ಚಿ, ರಾಡಿಂಗ್ ಮಾಡಿ, ಬ್ಲಾಕಿಗೆ ಹಿಮ್ಮುಖವಾಗಿ ನೀರು ಹಾಯಿಸಿ, ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಆಮೇಲೆ ಹಸಿರನ್ನೇ ತುಂಬಿದರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಹಿಮ ಬೀಳುವ ದೇಶಗಳಲ್ಲಿ ಅರ್ಧಕ್ಕರ್ಧ ಬೆರೆಸುತ್ತಾರೆ. ನಮ್ಮ ಕಡೆ ಮೂರನೇ ಒಂದು ಪಾಲು ಸಾಕು, ಏಕೆಂದರೆ ಶಾಖ ಹೊರುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಮೇಲು. ಅದಕ್ಕಿಂತ ತೆಳುಮಾಡುತ್ತ ಹೋದರೆ ತುಕ್ಕು ತಡೆಯುವ ಲವಣ ಸಾಲದಾಗುತ್ತದೆ. ಹಲವು ವರ್ಷ ಬರೀ ನೀರು ಕುಡಿದ ಕಾರಿಗೆ ಮೊದಲ ಸಲ ಕೂಲೆಂಟ್ ಹಾಕಿದಾಗ ಹಳೆ ತುಕ್ಕು ಸಡಿಲಗೊಂಡು ಸಂದಿಗಳಲ್ಲಿ ಜಿನುಗುವುದುಂಟು. ಆಗ ಗಾಬರಿಯಾಗಿ ನೀರಿಗೆ ಮರಳಬಾರದು; ಜಿನುಗುವ ಕಡೆ ಬೆಸುಗೆ ಹಾಕಿಸಬೇಕು, ಹೋಸ್ ಪೈಪ್ ಬದಲಿಸಬೇಕು.

ಬೆಸುಗೆ ಹಾಕುವವರು ಎಲ್ಲಿ ಎಂಬುದೇ ಈಗಿನ ಕಷ್ಟ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರನ್ನು ಹಾಗೆ ಬಿಚ್ಚಿ ಬೆಸೆಯಲಾಗದು, ಸೋರಿದರೆ ಹೊಸದನ್ನೇ ಕೂರಿಸುತ್ತಾರೆ. ಭಾಯ್ ತೀರಿಕೊಂಡ ಮೇಲೆ ಮಗ ಅಂಗಡಿಯನ್ನು ಹಾಸನಕ್ಕೆ ಒಯ್ದ. ಮಾರುವುದು ಹೊಸ ರೇಡಿಯೇಟರ್‌ಗಳನ್ನೇ. ಹಳೆ ಕಾರು ಬಂದರೆ ಮಾತ್ರ ಒಳಗಿನಿಂದ ಬ್ಲೋಲ್ಯಾಂಪ್ ತರುತ್ತಾನೆ. ಬಾಟಲಿಯ ಹಿಂದಿನ ಚೀಟಿಯನ್ನು ಗಿರಾಕಿಯ ಎದುರಿಗೇ ಓದುತ್ತಾನೆ, ಐಎಸ್ 5759 ಎಂದಿದೆಯೇ, ಸಿಲಿಕೇಟ್ ಇದೆಯೇ ಎಂದು. ಇಳಿಸಿದ ಹಳೆ ಕೂಲೆಂಟನ್ನು ಚರಂಡಿಗೆ ಬಿಡಲು ಅವನು ಯಾರಿಗೂ ಅವಕಾಶ ಕೊಡುವುದಿಲ್ಲ. ಅದು ಸಿಹಿ, ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಹಳೆ ಆಯಿಲ್ ಒಯ್ಯುವವರ ಕೈಗೆ ಬೇರೆಯಾಗಿ ಕೊಡುತ್ತಾನೆ.