ನಮ್ಮ ಟ್ರ್ಯಾಕ್ಟರಿನ ಹೊಟ್ಟೆ ತೊಳೆದದ್ದು

ನಮ್ಮ ಮನೆಯಲ್ಲಿ ಒಂದು ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರ್ ಇದೆ. ಎಚ್.ಎಂ.ಟಿ. ಅಂದರೆ ವಾಚು ಅಂತ ನಮ್ಮ ತರಗತಿಯ ಹೈಕಳು ನಗುತ್ತಾರೆ. ವಾಚು ಮಾಡುತ್ತಿದ್ದ ಆ ಕಂಪನಿಯೇ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು. ದೊಡ್ಡ ಆಫೀಸು ನಮ್ಮ ಬೆಂಗಳೂರಿನಲ್ಲಿ, ಟ್ರ್ಯಾಕ್ಟರ್ ಕಾರ್ಖಾನೆ ಮಾತ್ರ ಹರಿಯಾಣದ ಪಿಂಜೋರಿನಲ್ಲಿ. 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ಸಹಾಯದಿಂದ ಶುರುವಾಗಿ, 2016ರಲ್ಲಿ ಮುಚ್ಚಿಹೋಯಿತು. ನಮ್ಮದು 25 ಕುದುರೆಶಕ್ತಿಯದು, ಎರಡು ಸಿಲಿಂಡರು. ಅಪ್ಪನ ಮದುವೆಗೆ ಮೊದಲೇ ಮನೆಗೆ ಬಂದಿತ್ತಂತೆ. ಅದಕ್ಕೇ ಅವ್ವ ಅದನ್ನು "ನನ್ನ ಸವತಿ" ಅನ್ನುತ್ತಾಳೆ.

ಕಳೆದ ಮೇ ತಿಂಗಳಲ್ಲಿ ಒಳ್ಳೆ ಮಳೆ ಬಿತ್ತು. ಮಳೆ ಬಿದ್ದ ಮೇಲೆ ಗೊತ್ತಲ್ಲ, ಎಲ್ಲರಿಗೂ ಒಂದೇ ದಿನ ಉಳಬೇಕು. ಅಪ್ಪ ಇಬ್ಬರ ಹತ್ತಿರ ಮುಂಗಡ ಹಣ ಇಸಕೊಂಡಿದ್ದರು. ಎರಡನೇ ದಿನ ನಾನು ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಾಗ ಟ್ರ್ಯಾಕ್ಟರ್ ಮೂತಿಯಿಂದ ಹೊಗೆ ಬರುತ್ತಿತ್ತು. ಹೊಗೆ ಅಲ್ಲ, ಹಬೆ. ನಾನು ಬಿಂದಿಗೆ ಎತ್ತಿಕೊಂಡು ಓಡಿದೆ. ಅಪ್ಪ ಜೋರಾಗಿ "ಹುಯ್ಯಬ್ಯಾಡ ಕೂಸೇ! ಮುಚ್ಚಳಕ್ಕೆ ಕೈ ಹಾಕಬ್ಯಾಡ!" ಎಂದು ಕೂಗಿದರು.

ಯಾಕೆಂದರೆ ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳ ಇದ್ದ ಹಾಗೆ. ಒಳಗೆ ಒತ್ತಡ ಇರುತ್ತದೆ. ಬಿಸಿಯಲ್ಲಿ ಬಿಚ್ಚಿದರೆ ಕುದಿಯುವ ನೀರು ಮುಖಕ್ಕೆ ಎಗರುತ್ತದೆ. ಇನ್ನು ಕಾದ ಎಂಜಿನ್ನಿಗೆ ತಣ್ಣೀರು ಹುಯ್ದರೆ, ಕಾದ ಮಣ್ಣಿನ ಹೆಂಚು ಸೀಳುವ ಹಾಗೆ ಎಂಜಿನ್ನಿನ ಹೆಡ್ಡು ಸೀಳಬಹುದು. ಹೆಡ್ಡು ಹೋದರೆ ಈ ವರ್ಷದ ಉಳುಮೆಯೇ ಹೋಯಿತು, ಒಂದು ಎತ್ತು ಮಾರಬೇಕಾಗಬಹುದು ಎಂದು ಅಪ್ಪ ರಾತ್ರಿ ಅವ್ವನ ಹತ್ತಿರ ಹೇಳುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಬೇರೆ ಕಾರಣವೂ ಇತ್ತು, ಮುಂದೆ ಬರೆಯುತ್ತೇನೆ.

ಬೆಳಿಗ್ಗೆ ನಂಜನಗೂಡಿನಿಂದ ಮೇಸ್ತ್ರಿ ಬಂದರು. ಅವರು ರೇಡಿಯೇಟರನ್ನು ಮುಟ್ಟಲೇ ಇಲ್ಲ. ಮೊದಲು ಆಯಿಲ್ ನೋಡುವ ಕಡ್ಡಿ ಎಳೆದರು. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರು ಆಯಿಲಿಗೆ ಸೇರಿ, ಆಯಿಲು ಹಾಲು ಹಾಕಿದ ಟೀ ತರಹ ಆಗುತ್ತದಂತೆ. ನಾವೆಲ್ಲ ಕಡ್ಡಿಯನ್ನೇ ನೋಡುತ್ತಿದ್ದೆವು. ಆಯಿಲು ಕಪ್ಪಗೇ ಇತ್ತು. ಮೇಸ್ತ್ರಿ "ಬದುಕೊಂಡ್ರಿ ಅಣ್ಣಾ" ಅಂದರು. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಆಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದರೆ ಒಂದು ಹನಿ ನೀರೂ ಬರಲಿಲ್ಲ. ತಂತಿ ತೂರಿಸಿ ಕೆದಕಿದ ಮೇಲೆ ಗದ್ದಲ ಮಾಡಿಕೊಂಡು ಬಂತು. ಕೆಮ್ಮಣ್ಣು ಕದಡಿದ ಹಾಗೆ ಕೆಂಪು ನೀರು. ಅದು ಕಬ್ಬಿಣದ ತುಕ್ಕು. "ಯಾವ ನೀರು ಹುಯ್ತಿದ್ರಿ ಇದ್ಕೆ?" ಅಂದರು ಮೇಸ್ತ್ರಿ. ಅಪ್ಪ ನನ್ನ ಕಡೆ ನೋಡಿದರು. ನಾನು ಐದನೇ ತರಗತಿಯಿಂದ ರೇಡಿಯೇಟರಿಗೆ ನೀರು ತುಂಬುವುದು ನನ್ನ ಕೆಲಸ. ಸೂರಿನ ಕೆಳಗೆ ಡ್ರಮ್ಮಿನಲ್ಲಿ ಹಿಡಿದ ಮಳೆ ನೀರನ್ನೇ ಹಾಕಬೇಕು ಎಂದು ಅಪ್ಪ ಹೇಳಿದ್ದರು.

ನಾನು "ಡ್ರಮ್ಮಿನ ನೀರೇ" ಅಂದೆ.

ಮೇಸ್ತ್ರಿ ಏನೂ ಹೇಳದೆ, ಮುಚ್ಚಳದ ಬಾಯಿಯ ಒಳಗೆ ಉಗುರಿನಿಂದ ಕೆರೆದು ಬೆರಳು ತೋರಿಸಿದರು. ಬೆಳ್ಳಗೆ ಸುಣ್ಣ. "ಮಳೆ ನೀರಲ್ಲಿ ಸುಣ್ಣ ಎಲ್ಲಿಂದ ಬಂತು ಕೂಸೇ?" ಅಂದರು. ನಮ್ಮ ಬೋರಿನ ನೀರಿನ ಸಂಗತಿ ಎಲ್ಲರಿಗೂ ಗೊತ್ತು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಬಚ್ಚಲ ಹಂಡೆಯ ಒಳಗೆ ಹಪ್ಪಳದಂತೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ನಮ್ಮ ವಿಜ್ಞಾನ ಪಾಠದಲ್ಲಿ ಗಡಸು ನೀರು ಅಂತ ಬಂದಿದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತದೆ. ಕಾಯಿಸಿದರೆ ಅದು ಪಾತ್ರೆಗೆ ಹಿಡಿದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು! ಆದರೂ ಡ್ರಮ್ಮು ಹಿತ್ತಲಲ್ಲಿ ಇದೆ, ಬೋರಿನ ನಲ್ಲಿ ಟ್ರ್ಯಾಕ್ಟರಿನ ಪಕ್ಕದಲ್ಲೇ ಇದೆ ಅಂತ ಎರಡು ವರ್ಷ ನಲ್ಲಿ ನೀರನ್ನೇ ಹುಯ್ದಿದ್ದೆ.

ಎಂಜಿನ್ನಿನ ಒಳಗೆ ಸಿಲಿಂಡರಿನ ಸುತ್ತ ನೀರು ಓಡಾಡಲು ದಾರಿ ಇದೆ. ಅಲ್ಲಿ ಬಿಸಿಯಾದ ನೀರು ಮುಂದಿನ ರೇಡಿಯೇಟರಿಗೆ ಬಂದು, ಸಣ್ಣ ಕೊಳವೆಗಳಲ್ಲಿ ಇಳಿಯುತ್ತಾ ಫ್ಯಾನಿನ ಗಾಳಿಗೆ ತಣ್ಣಗಾಗಿ ಮತ್ತೆ ಹೋಗುತ್ತದೆ. ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ನೀರು ಇಳಿಯುವುದಿಲ್ಲ, ಬಿಸಿಯೂ ಆಚೆ ಹೋಗುವುದಿಲ್ಲ. (ಚಿತ್ರ ಬರೆಯಬೇಕೆಂದಿದ್ದೆ, ಹಾಳೆಯಲ್ಲಿ ಜಾಗ ಸಾಲಲಿಲ್ಲ.)

ಬಿಸಿನೀರಿನಲ್ಲಿ ಬಟ್ಟೆ ಸೋಡಾ ಕರಗಿಸಿ ಒಳಗೆ ತುಂಬಿ, ಎಂಜಿನ್ ಓಡಿಸಿ, ಆರಿದ ಮೇಲೆ ಚೆಲ್ಲಿದೆವು. ಅಲ್ಯೂಮಿನಿಯಂ ಇರುವ ಗಾಡಿಗೆ ಸೋಡಾ ಹಾಕಬಾರದಂತೆ, ತಿಂದುಬಿಡುತ್ತದಂತೆ. ನಮ್ಮದರಲ್ಲಿ ಎರಕದ ಕಬ್ಬಿಣ, ಹಿತ್ತಾಳೆ, ಆದ್ದರಿಂದ ಪರವಾಗಿಲ್ಲ ಅಂದರು. ಆಮೇಲೆ ರಬ್ಬರ್ ಪೈಪು ಬಿಚ್ಚಿ ನೀರನ್ನು ಉಲ್ಟಾ ಬಿಟ್ಟರು. ಮಾಮೂಲಿಗೆ ರೇಡಿಯೇಟರಿನಲ್ಲಿ ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ. ಈಗ ಕೆಳಗಿನಿಂದ ಮೇಲಕ್ಕೆ ಬಿಟ್ಟಾಗ ಸಿಕ್ಕಿಕೊಂಡಿದ್ದ ಚಕ್ಕೆಗಳು ಮೊಟ್ಟೆ ಚಿಪ್ಪಿನಂತೆ ಹಾರಿ ಬಂದವು. ಮೂರು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಹೊರಗಿನ ಜಾಲರಿಯಲ್ಲಿ ರಾಗಿ ಹೊಟ್ಟು ತುಂಬಿತ್ತು, ಅದನ್ನು ನಾನೇ ತೆಗೆದೆ.

ಥರ್ಮೋಸ್ಟಾಟ್ ಎಂಬ ಸಣ್ಣ ಬಿಲ್ಲೆಯನ್ನು ಮೇಸ್ತ್ರಿ ಅವ್ವನ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲೆ ಇಟ್ಟರು. ನೀರು ಚೆನ್ನಾಗಿ ಕಾದಾಗ ಅದು ತಾನಾಗಿಯೇ ಬಾಯಿ ಬಿಟ್ಟಿತು. ಬಿಟ್ಟರೆ ಸರಿ ಇದೆ ಅಂತ ಅರ್ಥ. ಅವ್ವ ಆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದಳು. ಕೊನೆಗೆ ಮಳೆ ನೀರು ಅರ್ಧ, ಕೂಲೆಂಟ್ ಅರ್ಧ ಸೇರಿಸಿ ತುಂಬಿದರು. ಕೂಲೆಂಟ್ ಇದ್ದರೆ ತುಕ್ಕು ಬೇಗ ಹಿಡಿಯುವುದಿಲ್ಲ, ನೀರು ಬೇಗ ಕುದಿಯುವುದೂ ಇಲ್ಲ.

ಇದಕ್ಕೆಲ್ಲ ಎರಡು ದಿನ ಹಿಡಿಯಿತು. ಮುಂಗಡ ಕೊಟ್ಟ ಒಬ್ಬರು ಬೇರೆ ಟ್ರ್ಯಾಕ್ಟರ್ ಕರೆಸಿಕೊಂಡರು. ಅಪ್ಪ ಅವರ ಹಣ ವಾಪಸು ಕೊಟ್ಟು ಬಂದ ಸಾಯಂಕಾಲ ನಾನು ನಿಜ ಹೇಳಿದೆ. ಅಪ್ಪ "ಗೊತ್ತು ಕನವ್ವಾ, ಮೇಸ್ತ್ರಿ ಬೆರಳು ತೋರಿಸ್ದಾಗ್ಲೇ ಗೊತ್ತಾಯ್ತು" ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಜೂನ್ ತಿಂಗಳಿಗೆ ನನಗೆ ಹೊಸ ಬ್ಯಾಗು ತರುವ ಮಾತಿತ್ತು, ನಾನು ಕೇಳಲಿಲ್ಲ.

ಈಗಲೂ ನೀರು ನೋಡುವುದು ನನ್ನ ಕೆಲಸವೇ. ಡ್ರಮ್ಮಿನಲ್ಲಿ ಅರ್ಧ ನೀರಿದೆ. ಬೇಳೆ ಬೇಯಿಸಲು ನಮ್ಮ ಅಜ್ಜಿಗೂ ಅದೇ ನೀರು ಬೇಕು. ನಾನು ಬಿಂದಿಗೆ ಹಿಡಿದು ಹಿತ್ತಲಿಗೆ ಹೋದರೆ "ನಿಮ್ಮಪ್ಪನ ಗಾಡಿಗೆ ಒಂದ್ ಚೊಂಬು ಸಾಕು, ಬುಡು" ಎಂದು ಡ್ರಮ್ಮಿನ ಮುಂದೆ ನಿಂತುಕೊಳ್ಳುತ್ತಾರೆ.